ಹಳೇ ಬಂದೂಕಿನ ಮ್ಯಾಲಿನ ಅಕ್ಷರ

ಭತ್ತದ ರಾಶಿ ಮುಗದೈತಿ, ಕಾಲುವೆಗೆ ನೀರು ಬಿಡೋತನಕ ಸ್ವಲ್ಪ ಬಿಡುವು. ಈ ಸಲ ಬೆಳೆ ಬಿಟ್ಟು ಬ್ಯಾರೆ ವಿಷಯ: ಹಳೇ ಬಂದೂಕು. ಹಂದಿ ಕಾಟಕ್ಕಂತ ಅಜ್ಜಂದಿರು ಲೈಸೆನ್ಸ್ ಮಾಡಿಸಿ ಇಟ್ಟವು ಇನ್ನೂ ಕೆಲವು ಮನ್ಯಾಗ ಅದಾವ. ಒಂದೊಂದಾಗಿ ಮಾಯ ಆಗಾಕತ್ತಾವ. ಅದರ ಮ್ಯಾಲೆ ಏನು ಕೆತ್ಯಾರ ಅಂತ ಹೊಳ್ಳಿ ನೋಡಿದವರು ಕಡಿಮಿ.

ಅಕ್ಷರ ನೋಡಿದರೆ ಏನಾಗತೈತಿ ಅನ್ನಾಕ ನಮ್ಮ ಮಸ್ಕಿನೇ ಸಾಕ್ಷಿ. 1915ರಾಗ ಬಂಗಾರದ ಗಣಿ ಕೆಲಸದ ಇಂಜಿನಿಯರ್ ಸಿ. ಬೀಡನ್ ಇಲ್ಲಿನ ಬಂಡೆ ಮ್ಯಾಲೆ ಶಾಸನ ಕಂಡ. ಅಲ್ಲೀತನಕ ಸಿಕ್ಕ ಶಾಸನಗಳಲ್ಲಿ ರಾಜನ ಬಿರುದಷ್ಟೇ ಇತ್ತು; ‘ಅಶೋಕ’ ಅನ್ನೋ ಹೆಸರು ಮೊದಲು ಓದಿದ್ದು ಮಸ್ಕಿಯಲ್ಲಿ. ಒಂದು ಹೆಸರಿನಿಂದ ಇಡೀ ಇತಿಹಾಸ ಗಟ್ಟಿಯಾಯ್ತು. ಬಂದೂಕಿನ ಮ್ಯಾಲಿನ ಅಕ್ಷರಕ್ಕೂ ಹಂಗೇ ಸಣ್ಣ ಬೆಲೆ ಐತಿ.

ನಮ್ಮ ಸೀಮೆಗೆ ಬಂದೂಕು ಹೊಸದಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೊವಾವೊ ಡಿ ಫಿಗೆರೆಡೊ ಅನ್ನೋ ಪೋರ್ಚುಗೀಸ್ ತನ್ನ ಬಂದೂಕುಗಾರರ ಜೊತೆ ಬಂದಿದ್ದ. ಗೋಡೆ ಮ್ಯಾಲೆ ತಲೆ ಎತ್ತಿದವರನ್ನ ಅವರು ಗುರಿಯಿಟ್ಟು ಹೊಡೆದಿದ್ದರಿಂದ ಕೆಳಗ ಗೋಡೆ ಕೀಳೋ ಮಂದಿಗೆ ದಾರಿಯಾಯ್ತು ಅಂತ ನೂನಿಜ್ ಬರೆದಿಟ್ಟಾನ. ಮುಂದ ಲಿಂಗಸುಗೂರು ಛಾವಣಿ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಹೈದರಾಬಾದ್ ಕಾಂಟಿಂಜೆಂಟ್ ಅನ್ನೋ ಫೌಜು ಅಲ್ಲಿ ಬೀಡು ಬಿಟ್ಟಿತ್ತು. 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮ್ಯಾಲೆ ಹೋದ ದಂಡು ಲಿಂಗಸುಗೂರಿನಿಂದಲೇ ಹೊರಟಿದ್ದು. ಅದಕ್ಕೂ ಮೊದಲು, 1857ರಲ್ಲಿ ಆಯುಧ ಒಪ್ಪಿಸ್ರಿ ಅಂತ ಕಂಪನಿ ಸರ್ಕಾರ ಹೇಳಿದಾಗ ಒಲ್ಲೆ ಅಂದವರು ಮುಧೋಳ ಕಡೆಯ ಹಲಗಲಿಯ ಬೇಡರು. ಅಂದಿನಿಂದಲೂ ಬಂದೂಕು ಯಾರ ಕೈಯಾಗ ಇರಬೇಕು ಅನ್ನೋದು ಸರ್ಕಾರ ನಿರ್ಧಾರ ಮಾಡೋ ಮಾತು.

ಆ ಅಂಜಿಕೆ ಗುಂಡಿನ ಅಳತೆಯಾಗೂ ಕಾಣತೈತಿ. ಬ್ರಿಟಿಷ್ ಫೌಜಿನ ರೈಫಲ್ .303. ಅದರ ಗುಂಡು ಹೊರಗ ಸೋರಿ ದಂಗೆಕೋರರ ಕೈ ಸೇರಬಾರದು ಅಂತ ಆ ಅಳತೆಯ ರೈಫಲ್ ಸಾಮಾನ್ಯರಿಗೆ ಕೊಡಲಿಲ್ಲ. ಸ್ವತಂತ್ರ ಭಾರತವೂ ಅದನ್ನೇ ಮುಂದುವರಿಸಿತು. ನಮ್ಮ ಕಡೆ ದೊಡ್ಡ ಮನೆತನದವರ ಹತ್ರ .315 ರೈಫಲ್ ಇದ್ದರೆ ಕಾರಣ ಇದೇ. ಅದರ ಬೋಲ್ಟು, ಒಡಲು .303ರ ತಮ್ಮನಂಗ ಇರತೈತಿ, ಆದರೆ ಅಣ್ಣನ ಗುಂಡು ಇದಕ್ಕೆ ಹಿಡಿಯಂಗಿಲ್ಲ.

ಈಗ ಓದೋ ವಿಧಾನ. ಲೀ-ಎನ್‌ಫೀಲ್ಡ್ ರೈಫಲ್‌ನಲ್ಲಿ ಬೋಲ್ಟಿನ ಹಿಡಿ ಕೆಳಗ, ಕಟ್ಟಿಗೆ ಹಿಂಬಾಗ ಸೇರೋ ಕಬ್ಬಿಣದ ಪಟ್ಟಿಯ ಬಲಮಗ್ಗುಲು ನೋಡ್ರಿ. ಮ್ಯಾಲೆ ಕಿರೀಟ. ಕೆಳಗ ‘ಜಿ.ಆರ್.’ ಇದ್ದರೆ ಸಾಮಾನ್ಯವಾಗಿ ಇಂಗ್ಲೆಂಡಿನದು, ‘ಜಿ.ಆರ್.ಐ.’ ಇದ್ದರೆ ನಮ್ಮ ಬಂಗಾಳದ ಇಷಾಪುರ ಕಾರ್ಖಾನೆಯದು. ಆ ‘ಐ’ ಅಂದ್ರ ಚಕ್ರವರ್ತಿ, ಭಾರತದ ಮ್ಯಾಲಿನ ಹಕ್ಕು. ಅದರ ಕೆಳಗ ತಯಾರಿಸಿದವರ ಹೆಸರು, ಇಸವಿ, ಮಾದರಿ. 1907ರಲ್ಲಿ ಬಂದ ಮಾರ್ಕ್ ಮೂರು ಎಲ್ಲಕ್ಕಿಂತ ಹೆಚ್ಚು ಸಿಗೋದು. ಸ್ವಾತಂತ್ರ್ಯದ ನಂತರದ ಇಷಾಪುರದ ರೈಫಲ್‌ಗೆ ಕಿರೀಟ ಹೋಗಿ ಅಶೋಕನ ಸಿಂಹ ಬಂತು. ಮಸ್ಕಿ ಬಂಡೆಯ ರಾಜ ರೈಫಲ್ ಮ್ಯಾಲೂ ಬಂದ, ನೋಡ್ರಿ. 1960ರ ದಶಕದಲ್ಲಿ ಅದೇ ಕಾರ್ಖಾನೆ 7.62 ಗುಂಡಿನ 2ಎ, 2ಎ1 ಮಾಡಿತು. ಅದರ ಮ್ಯಾಗಜೀನ್ ಚೌಕಾಕಾರ, ಅಲ್ಲೇ ಗುರುತು ಸಿಗತೈತಿ.

ಗುರಿ ಕಲಿಯಾಕ ಅಂತಲೇ ಮಾಡಿದ್ದು ಇನ್ನೊಂದೈತಿ. ಕಾಲೇಜಿನಾಗ ಎನ್‌ಸಿಸಿ ಮಾಡಿದವರು ಮಲಗಿ ಹೊಡೆದ .22 ನೆನಪೈತಲ್ಲ? ಎನ್‌ಸಿಸಿ ಶುರುವಾದದ್ದು 1948ರಲ್ಲಿ. ಅದರ ಹಳೇ ರೈಫಲ್‌ಗಳ ಪೈಕಿ ನಂಬರ್ ಎರಡು, ಮಾರ್ಕ್ ನಾಲ್ಕು ಅನ್ನೋದು ಇದೇ ಲೀ-ಎನ್‌ಫೀಲ್ಡ್. ನಳಿಗೆ .22ಕ್ಕೆ ಮಾರ್ಪಾಟು. ತೂಕ, ಬೋಲ್ಟು, ಹಿಡಿತ ಎಲ್ಲ ಫೌಜಿನ ರೈಫಲ್ಲಿನಂಗೇ. ಗುಂಡು ಮಾತ್ರ ಅಗ್ಗ, ಕಡಿಮಿ ಜಾಗ ಸಾಕು, ಭುಜಕ್ಕೆ ಒದೆತ ಇಲ್ಲ. ಒಂದೊಂದೇ ಗುಂಡು ಕೈಲಿ ಹಾಕಬೇಕು. ಇಂಗ್ಲೆಂಡ್, ಕೆನಡಾದಾಗ ಇಂಥವನ್ನ ಹುಡುಕಿ ಕೂಡಿಡೋದು ದೊಡ್ಡ ಹವ್ಯಾಸ. ಹಳೇ .303 ನಳಿಗೆ ಒಳಗಿನ ಗೆರೆ ತೆಗೆದು .410 ಮಸ್ಕೆಟ್ ಮಾಡಿದ್ದೂ ಐತಿ. ಗೋದಾಮು, ಖಜಾನೆ ಕಾವಲುಗಾರರ ಹೆಗಲ ಮ್ಯಾಲೆ ಕಂಡಿರತೀರಿ.

ನಮ್ಮಲ್ಲಿ ಕೂಡಿಡೋದು ಅಷ್ಟು ಸಸಾರ ಅಲ್ಲ. 1959ರ ಆಯುಧ ಕಾಯ್ದೆ, 2019ರ ತಿದ್ದುಪಡಿ ಪ್ರಕಾರ ಒಬ್ಬರಿಗೆ ಹೆಚ್ಚಂದ್ರ ಎರಡು ಬಂದೂಕು, ಮೊದಲು ಮೂರಿತ್ತು. .303 ಸಾಮಾನ್ಯರಿಗೆ ನಿಷಿದ್ಧ. ರಿಪೇರಿ ಮಾಡಿದರೂ ಹೊಡೆಯಾಕ ಬರದಂಥ, ಹಳೇ ಮಾದರಿಯ ಆಯುಧಕ್ಕೆ ಮಾತ್ರ ಕಾಯ್ದೆಯ 45ನೇ ಕಲಮಿನಾಗ ವಿನಾಯಿತಿ ಐತಿ. ಅದು ಅಂಥದ್ದು ಹೌದೋ ಅಲ್ಲೋ ಅಂತ ನಾವೇ ತೀರ್ಮಾನ ಮಾಡಬಾರದು.

ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡ ಮ್ಯಾಲೆ ಬಂದೂಕು ಠಾಣೆಗೆ ಅಥವಾ ಲೈಸೆನ್ಸ್ ಇರೋ ಅಂಗಡಿಗೆ ಜಮಾ ಮಾಡಬೇಕು. ಬೇಕಾದವರು ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಹಾಕಬೇಕು. ಗಡುವಿನೊಳಗ ಯಾರೂ ಕೇಳದಿದ್ದರೆ ಅದು ಸರ್ಕಾರದ ಪಾಲು. ಮಕ್ಕಳಿಗೆ ಕಚೇರಿ ಅಲೆಯೋದು ಬ್ಯಾಡ ಅನಿಸಿ ಸುಮ್ಮನಾಗತಾರ. ಬಂದೂಕಿನ ಜೊತೆ ಅದರ ಕಥೆಯೂ ಹೋಗತೈತಿ.

ಹಂಗಾಗಿ ನನ್ನ ಮಾತು ಇಷ್ಟೇ. ಜಮಾ ಮಾಡೋ ಮೊದಲು ಅಕ್ಷರ, ಇಸವಿ, ಮುದ್ರೆಗಳ ಫೋಟೋ ತೆಗೆದು ಮನ್ಯಾಗ ಇಟ್ಟುಕೊಳ್ರಿ. ಯಾವಾಗ, ಯಾಕ ತಂದ್ರು ಅಂತ ಹಿರಿಯರನ್ನ ಕೇಳಿ ಬರೀರಿ. ಹಳೇ ಲೈಸೆನ್ಸ್ ಪುಸ್ತಕ, ಮದ್ದು ತುಂಬೋ ಕೊಂಬು, ಎನ್‌ಸಿಸಿ ಪ್ರಮಾಣಪತ್ರ ಒಗೀಬ್ಯಾಡ್ರಿ. ತುಕ್ಕು ತೆಗೀಬೇಕಂತ ಉಪ್ಪುಕಾಗದ ಉಜ್ಜಿದರೆ ಅಕ್ಷರವೂ ಅಳಿಸಿ ಹೋಗತಾವ. ಎಣ್ಣಿ ಬಟ್ಟಿ ಸಾಕು. ಬಾಯಿಂದ ಮದ್ದು ತುಂಬೋ ಹಳೇ ಬಂದೂಕಿನಾಗ ವರ್ಷಗಟ್ಟಲೆ ಹಿಂದಿನ ಮದ್ದು ಹಂಗೇ ಉಳಿದಿರಬಹುದು. ಹುಡುಗರ ಕೈಗೆ ಕೊಡಬ್ಯಾಡ್ರಿ, ಕುದುರಿ ಎಳೀಬ್ಯಾಡ್ರಿ, ನಳಿಗೆ ಬಾಯಿ ಯಾರ ಕಡೆಗೂ ಇಡಬ್ಯಾಡ್ರಿ. ಬಂದೂಕಿನ ನಂಬರು, ಮನೆ ವಿಳಾಸ ಇಲ್ಲಿ ಹಾಕೋದೂ ಬ್ಯಾಡ.

ಕಬ್ಬಿಣ ಸರ್ಕಾರಕ್ಕೆ ಹೋದರೂ ಕಥೆ ನಮ್ಮ ಮನ್ಯಾಗ ಉಳೀಲಿ. ನಿಮ್ಮ ಊರಾಗ ಕೇಳಿದ ಬಂದೂಕಿನ ಕಥೆ ಇದ್ದರೆ ಬರೀರಿ, ಓದಾಕ ನಾನು ತಯಾರು.