ಕೊಲಂಬಸ್: ತೆರೆಯ ಮೇಲೆ ಮತ್ತು ಇತಿಹಾಸದಲ್ಲಿ

ಇತಿಹಾಸದ ಗ್ರಂಥಗಳನ್ನು ಓದುವವರಿಗಿಂತ ಇತಿಹಾಸದ ಸಿನಿಮಾ ನೋಡುವವರ ಸಂಖ್ಯೆ ಎಷ್ಟೋ ಹೆಚ್ಚು. ಕಣ್ಣಾರೆ ಕಂಡ ದೃಶ್ಯ ಮನಸ್ಸಿನಿಂದ ಬೇಗ ಅಳಿಯುವುದೂ ಇಲ್ಲ. ಆದ್ದರಿಂದ ಇಂತಹ ಚಿತ್ರ ನೋಡುವಾಗ ಅದರಲ್ಲಿ ಏನನ್ನು ತೋರಿಸಿದ್ದಾರೆ ಎಂಬುದರ ಜೊತೆಗೆ ಏನನ್ನು ಬಿಟ್ಟಿದ್ದಾರೆ ಎಂದೂ ಕೇಳಿಕೊಳ್ಳಬೇಕು. ಕೊಲಂಬಸ್ ಅಮೆರಿಕ ತಲುಪಿ 500 ವರ್ಷ ತುಂಬಿದಾಗ, ಅಂದರೆ 1992ರಲ್ಲಿ ತೆರೆಕಂಡ '1492: ಕಾಂಕ್ವೆಸ್ಟ್ ಆಫ್ ಪ್ಯಾರಡೈಸ್' ಇದಕ್ಕೆ ತಕ್ಕ ಉದಾಹರಣೆ. ಇದರ ನಿರ್ದೇಶಕರು ರಿಡ್ಲಿ ಸ್ಕಾಟ್. ಕೊಲಂಬಸನ ಪಾತ್ರದಲ್ಲಿ ಜೆರಾರ್ ದೆಪಾರ್ದ್ಯೂ, ರಾಣಿ ಇಸಬೆಲ್ಲಾಳ ಪಾತ್ರದಲ್ಲಿ ಸಿಗೋರ್ನಿ ವೀವರ್ ನಟಿಸಿದ್ದಾರೆ.

ಆ ವರ್ಷದ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿ. 1492ರ ಜನವರಿ 2ರಂದು ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರಾನಡಾ ಶರಣಾಯಿತು. ಮಾರ್ಚ್ 31ರಂದು ಯಹೂದಿಗಳ ಗಡೀಪಾರಿನ ಆಜ್ಞೆ ಹೊರಬಿತ್ತು. ಏಪ್ರಿಲ್ 17ರಂದು, ಗ್ರಾನಡಾ ಮುತ್ತಿಗೆಗಾಗಿ ಕಟ್ಟಿದ್ದ ಸಾಂತಾ ಫೆ ಎಂಬ ಶಿಬಿರ ಪಟ್ಟಣದಲ್ಲಿ ಕೊಲಂಬಸನ ಒಪ್ಪಂದಕ್ಕೆ ಅಂಗೀಕಾರ ಸಿಕ್ಕಿತು. ಅವನು ಕಂಡುಹಿಡಿಯುವ ನಾಡುಗಳಿಗೆ ಅವನೇ ವೈಸರಾಯ್, ಅವನೇ ಗವರ್ನರ್. ಅಲ್ಲಿನ ಸಂಪತ್ತಿನಲ್ಲಿ ಹತ್ತನೇ ಒಂದು ಪಾಲು ಅವನದು. ಹಡಗು ಹೊರಡುವ ಮೊದಲೇ ಒಡೆತನದ ಲೆಕ್ಕ ಬರೆದಾಗಿತ್ತು!

ಚಿತ್ರದಲ್ಲಿ ಕೊಲಂಬಸನ ಯೋಜನೆಯನ್ನು ಅಲ್ಲಗಳೆಯುವ ವಿದ್ವಾಂಸರು ಹಠಮಾರಿಗಳಂತೆ ಕಾಣುತ್ತಾರೆ. ವಾಸ್ತವವೇನು? ಭೂಮಿ ಗುಂಡಗಿದೆ ಎಂಬುದು ಅಂದಿನ ವಿದ್ಯಾವಂತರಿಗೆಲ್ಲ ತಿಳಿದ ವಿಷಯ. ವಿವಾದವಿದ್ದುದು ಅದರ ಗಾತ್ರದ ಬಗ್ಗೆ. ಒಂಬತ್ತನೆಯ ಶತಮಾನದ ಖಗೋಳ ವಿಜ್ಞಾನಿ ಅಲ್-ಫರ್ಗಾನಿ, ಭೂಪರಿಧಿಯ ಒಂದು ಡಿಗ್ರಿಗೆ ಐವತ್ತಾರು ಮುಕ್ಕಾಲಿಗಿಂತ ತುಸು ಕಡಿಮೆ ಮೈಲಿ ಎಂದು ಬರೆದಿದ್ದರು. ಅದು ಅರಬ್ ಮೈಲಿ. ಕೊಲಂಬಸ್ ಅದನ್ನು ಅದಕ್ಕಿಂತ ಚಿಕ್ಕದಾದ ರೋಮನ್ ಮೈಲಿ ಎಂದು ಭಾವಿಸಿದ. ಹೀಗೆ ಅವನ ಲೆಕ್ಕದಲ್ಲಿ ಭೂಮಿಯೇ ಕುಗ್ಗಿತು. ಕೆನರಿ ದ್ವೀಪಗಳಿಂದ ಜಪಾನಿಗೆ ಇರುವ ನಿಜವಾದ ದೂರ ಅವನ ಅಂದಾಜಿನ ನಾಲ್ಕು ಪಟ್ಟಿಗೂ ಹೆಚ್ಚು. ಹಠಮಾರಿಗಳೆನಿಸಿಕೊಂಡವರ ಆಕ್ಷೇಪವೇ ಸರಿಯಾಗಿತ್ತು. ನಡುವೆ ಅಮೆರಿಕ ಅಡ್ಡ ಬಂದುದರಿಂದ ಕೊಲಂಬಸ್ ಬದುಕಿದ.

ಇದಕ್ಕಿಂತ ಗಂಭೀರವಾದ ವಿಷಯ ಚಿತ್ರದ ಉತ್ತರಾರ್ಧದಲ್ಲಿದೆ. ಅಲ್ಲಿ ಮೊಹಿಕಾ ಎಂಬ ದುಷ್ಟ ಶ್ರೀಮಂತ, ಚಿನ್ನ ತಾರದ ಮೂಲನಿವಾಸಿಯೊಬ್ಬನ ಕೈ ಕಡಿಸುತ್ತಾನೆ. ಕೊಲಂಬಸ್ ಅದನ್ನು ಕಂಡು ಕೆರಳುತ್ತಾನೆ. ಪ್ರೇಕ್ಷಕರಿಗೆ ಸಮಾಧಾನ: ನಾಯಕ ಒಳ್ಳೆಯವನು, ಕೆಟ್ಟವನು ಬೇರೊಬ್ಬ. ಮೊಹಿಕಾ ಇತಿಹಾಸದಲ್ಲೂ ಇದ್ದವನೇ. ದಂಗೆಯ ಸಂಚಿಗಾಗಿ 1500ರಲ್ಲಿ ಕೊಲಂಬಸನ ಆಜ್ಞೆಯಂತೆ ಅವನಿಗೆ ಮರಣದಂಡನೆಯಾಯಿತು. ಆದರೆ ಚಿನ್ನದ ಕಪ್ಪವನ್ನು ಹೇರಿದವನು ಮೊಹಿಕಾ ಅಲ್ಲ, ಸ್ವತಃ ಕೊಲಂಬಸ್.

ಹಿಸ್ಪಾನಿಯೋಲ ದ್ವೀಪದ (ಇಂದಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ) ಚಿನ್ನವಿರುವ ಪ್ರದೇಶಗಳಲ್ಲಿ, 14 ವರ್ಷ ದಾಟಿದ ಪ್ರತಿಯೊಬ್ಬ ತಾಯಿನೋ ನಿವಾಸಿ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಗೆಜ್ಜೆಯ ತುಂಬ ಚಿನ್ನದ ಪುಡಿ ಒಪ್ಪಿಸಬೇಕಿತ್ತು. ಉಳಿದ ಕಡೆ 25 ಪೌಂಡ್ ಹತ್ತಿ. ಕೊಟ್ಟವರ ಕೊರಳಿಗೆ ಲೋಹದ ಬಿಲ್ಲೆ, ಬಿಲ್ಲೆ ಇಲ್ಲದವರಿಗೆ ಶಿಕ್ಷೆ. 1495ರಲ್ಲಿ ಸುಮಾರು 550 ಮಂದಿಯನ್ನು ಗುಲಾಮರಾಗಿ ಸ್ಪೇನಿಗೆ ಸಾಗಿಸಲಾಯಿತು. ಅವರಲ್ಲಿ ಸುಮಾರು 200 ಮಂದಿ ದಾರಿಯಲ್ಲೇ ಸತ್ತರು. 1500ರಲ್ಲಿ ಬೊಬಾಡಿಲ್ಲಾ ಎಂಬ ಅಧಿಕಾರಿ ವಿಚಾರಣೆ ನಡೆಸಿ ಕೊಲಂಬಸನಿಗೆ ಬೇಡಿ ತೊಡಿಸಿ ಸ್ಪೇನಿಗೆ ಕಳುಹಿಸಿದ. ಆ ವಿಚಾರಣೆಯ ಸಾಕ್ಷ್ಯಗಳಿರುವ ದಾಖಲೆಯ ಪ್ರತಿಯೊಂದು ಸ್ಪೇನಿನ ಸಿಮಾಂಕಾಸ್ ದಫ್ತರಖಾನೆಯಲ್ಲಿ ಸಿಕ್ಕಿ, 2006ರಲ್ಲಿ ಪ್ರಕಟವಾಯಿತು. ಕೊಲಂಬಸ್ ಸಹೋದರರ ಆಳ್ವಿಕೆಯ ಕ್ರೂರ ಶಿಕ್ಷೆಗಳನ್ನು ಅದರಲ್ಲಿ ಸಾಕ್ಷಿಗಳೇ ವಿವರಿಸಿದ್ದಾರೆ.

ಕೊಲಂಬಸ್ ಹೋದ ಮೇಲೂ ಅನ್ಯಾಯ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ. ಮೂಲನಿವಾಸಿಗಳನ್ನು ದುಡಿಮೆಗಾಗಿ ಸ್ಪೇನಿನವರಿಗೆ ಹಂಚುವ ಪದ್ಧತಿಗೆ 1503ರಲ್ಲಿ ರಾಣಿಯ ಅಧಿಕೃತ ಮುದ್ರೆ ಬಿತ್ತು. ಲಕ್ಷಗಳಲ್ಲಿದ್ದರೆಂದು ಅನೇಕ ವಿದ್ವಾಂಸರು ಅಂದಾಜಿಸುವ ಆ ಜನ 1514ರ ಎಣಿಕೆಯಲ್ಲಿ ಸುಮಾರು 26,000 ಮಾತ್ರ. ಸಿಡುಬು ಆ ದ್ವೀಪಕ್ಕೆ ಬಂದದ್ದು 1518ರ ಕೊನೆಯಲ್ಲಿ. ಎಲ್ಲವನ್ನೂ ಸಿಡುಬಿನ ತಲೆಗೆ ಕಟ್ಟುವಂತಿಲ್ಲ. ಗಣಿಯ ದುಡಿಮೆ, ಹಸಿವು, ಕತ್ತಿ, ಇತರ ರೋಗಗಳು ಅದಕ್ಕೂ ಮೊದಲೇ ತಮ್ಮ ಕೆಲಸ ಮಾಡಿದ್ದವು.

ಒಬ್ಬ ದುಷ್ಟನನ್ನು ತೋರಿಸಿ ಮುಗಿಸುವುದು ಸಿನಿಮಾಕ್ಕೆ ಸುಲಭ. ಆದರೆ ತಾಯಿನೋ ಜನರನ್ನು ಅಳಿಸಿದ್ದು ಒಪ್ಪಂದ, ಕಪ್ಪ, ಕಾನೂನು, ರಾಜಮುದ್ರೆಗಳಿಂದ ಕೂಡಿದ ಒಂದು ವ್ಯವಸ್ಥೆ. ವಿದ್ಯಾರ್ಥಿಗಳೇ, ಈ ಚಿತ್ರವನ್ನು ಅಗತ್ಯವಾಗಿ ನೋಡಿ. ಅದರ ದೃಶ್ಯವೈಭವ, ವ್ಯಾಂಜೆಲಿಸ್ ಅವರ ಸಂಗೀತ ನಿಮಗೆ ಖಂಡಿತ ಮೆಚ್ಚುಗೆಯಾದೀತು. ಆದರೆ ನೋಡಿ ಮುಗಿಸಿದ ಮೇಲೆ ಗ್ರಂಥಾಲಯಕ್ಕೆ ಹೋಗಿ, ಆ ಕೈ ಕಡಿಸಿಕೊಂಡವನ ಜನಾಂಗಕ್ಕೆ ಏನಾಯಿತೆಂದು ಹುಡುಕಿ. ಅವರ ಕಥೆಯನ್ನು ಓದಿದಾಗ ಮಾತ್ರ 1492ರ ಪೂರ್ಣ ಚಿತ್ರ ನಿಮ್ಮ ಮುಂದೆ ನಿಲ್ಲುತ್ತದೆ.