‘ಲೂಟ್’ ಎಂಬ ಇಂಗ್ಲಿಷ್ ಕ್ರಿಯಾಪದ

ಇಂಗ್ಲಿಷಿನಲ್ಲಿ ಇಂದು ನಿತ್ಯದ ಬಳಕೆಯಲ್ಲಿರುವ ‘ಲೂಟ್’ ಎಂಬ ಕ್ರಿಯಾಪದವು ಹಿಂದಿಯಿಂದ ಹೋದದ್ದು. ಕನ್ನಡದ ‘ಲೂಟಿ’ಯೂ ಅದೇ ಕುಲದ್ದು. ಇದರ ಮೂಲವನ್ನು ಕೆಲವರು ಸಂಸ್ಕೃತದ ‘ಲುಂಟ್’ ಧಾತುವಿನಲ್ಲಿಯೂ ಕೆಲವರು ‘ಲುಪ್’ ಧಾತುವಿನಲ್ಲಿಯೂ ಕಾಣುತ್ತಾರೆ. ಎರಡನೆಯ ಮತವನ್ನು ಒಪ್ಪಿದರೆ ಒಂದು ವಿನೋದವುಂಟು: ಇಂಗ್ಲಿಷಿನ ‘ರಾಬ್’ ಕೂಡ ಅದೇ ಪ್ರಾಚೀನ ಮೂಲದ ಸಂತಾನವಾದುದರಿಂದ, ಪರದೇಶದಿಂದ ಬಂದ ಪದವು ಮನೆಯ ದಾಯಾದಿಯೇ ಆಗುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಆಂಗ್ಲರು ಕೊಳ್ಳೆಯಿಂದ ಬದುಕುತ್ತಿದ್ದ ದೇಶೀಯ ಸವಾರರನ್ನು ‘ಲೂಟಿವಾಲ’ರೆಂದು ಕರೆದರು. 1788ರಲ್ಲಿ ಅಚ್ಚಾದ ಭಾರತೀಯ ಶಬ್ದಗಳ ಕೋಶವೊಂದರಲ್ಲಿ ‘ಲೂಟ್’ ಸೇರಿದೆ. ಆದರೆ ತಮ್ಮ ಕೃತ್ಯಕ್ಕೆ ಅವರಲ್ಲಿ ಬೇರೆ ಹೆಸರಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ತರುವಾಯ ಟಿಪ್ಪುವಿನ ಭಂಡಾರವನ್ನು ಸೈನ್ಯದಲ್ಲಿ ದರ್ಜೆಗೆ ತಕ್ಕಂತೆ ಹಂಚಲಾಯಿತು, ಸಿಂಹಾಸನವನ್ನೂ ತುಂಡರಿಸಿದರು. ಕಾಗದಪತ್ರಗಳಲ್ಲಿ ಇದು ‘ಪ್ರೈಜ್’. ಅದರ ಲೆಕ್ಕಕ್ಕೆಂದೇ ಏಜೆಂಟರು ನೇಮಕವಾಗಿದ್ದರು. ಲೆಕ್ಕವಿಟ್ಟರೆ ಕೊಳ್ಳೆಯೂ ಹಕ್ಕಾಗುತ್ತದೆಂಬ ನಂಬಿಕೆ ಆ ಶಬ್ದದಲ್ಲಿ ಅಡಗಿದೆ.

ಸೈನಿಕರ ಆಡುಮಾತು ಈ ಭೇದವನ್ನು ಬಹುಕಾಲ ಉಳಿಸಲಿಲ್ಲ. 1840ರ ದಶಕದಿಂದ ‘ಲೂಟ್’ ಕ್ರಿಯಾಪದವಾಗಿಯೂ ಸಲ್ಲತೊಡಗಿತು. ಚೀನಾ ಯುದ್ಧ, ಕ್ರಿಮಿಯಾ ಯುದ್ಧ, 1857ರ ಸಂಗ್ರಾಮಗಳ ನಡುವೆ ಅದು ಇಂಗ್ಲೆಂಡಿನಲ್ಲಿಯೂ ನೆಲೆಯೂರಿತೆಂದು ಯೂಲ್ ಮತ್ತು ಬರ್ನೆಲ್ಲರ ‘ಹಾಬ್ಸನ್-ಜಾಬ್ಸನ್’ ಕೋಶ (1886) ಹೇಳುತ್ತದೆ. 1858ರಲ್ಲಿ ಲಖನೌದ ಕೈಸರ್‌ಬಾಗ್ ಸೂರೆಯಾದುದನ್ನು ಕಣ್ಣಾರೆ ಕಂಡ ‘ಟೈಮ್ಸ್’ ಪತ್ರಿಕೆಯ ವರದಿಗಾರ ರಸೆಲ್, ತನ್ನವರ ಕೆಲಸಕ್ಕೇ ಈ ಪದವನ್ನು ಬಳಸಿದನು.

ಇಂದು ಇಂಗ್ಲಿಷ್ ಪತ್ರಿಕೆಗಳಲ್ಲಿ ಗಲಭೆಯ ಗುಂಪು ಅಂಗಡಿ ಒಡೆಯುವುದಕ್ಕೂ ವಸ್ತುಸಂಗ್ರಹಾಲಯಗಳ ವಿವಾದಗ್ರಸ್ತ ವಸ್ತುಗಳಿಗೂ ಇದೇ ಪದ ಸಲ್ಲುತ್ತದೆ. ಟಿಪ್ಪುವಿನ ಸಿಂಹಾಸನದ ಹೊನ್ನಿನ ಹುಲಿಮುಖವು ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿದೆ.