ಸ್ಟೀರಿಯೊ ಸ್ಪೀಕರ್: ಕೋಣೆಗೆ ತಕ್ಕ ಆಯ್ಕೆ

ಎಡಕ್ಕೊಂದು, ಬಲಕ್ಕೊಂದು ಪೆಟ್ಟಿಗೆಯಿಂದ ಧ್ವನಿ ಹೊರಡಿಸಿ, ಗಾಯಕರೂ ಪಕ್ಕವಾದ್ಯದವರೂ ಎದುರಿಗೆ ತಂತಮ್ಮ ಜಾಗದಲ್ಲಿ ಕುಳಿತಿದ್ದಾರೆಂದು ಕಿವಿಗೆ ಅನ್ನಿಸುವಂತೆ ಮಾಡುವ ಸಾಧನ ಸ್ಟೀರಿಯೊ ಸ್ಪೀಕರ್. ಈ ವಿಧಾನಕ್ಕೆ ಬ್ರಿಟನ್ನಿನ ಎಂಜಿನಿಯರ್ ಆಲನ್ ಬ್ಲಮ್‌ಲೈನ್ 1931ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು ಅಂಗಡಿಗೆ ಬಂದದ್ದು 1950ರ ದಶಕದ ಕೊನೆಗೆ. ಕಡಿಮೆ ದುಡ್ಡಿನಲ್ಲಿ ಒಂದು ಜೋಡಿ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ವ್ಯಾಟ್ ಎಂದು. ಅದಕ್ಕೂ ಮೊದಲು ಟೇಪು ಹಿಡಿದು ಕೋಣೆಯನ್ನು ಅಳೆಯುವುದು ಒಳ್ಳೆಯದು.

ಮನೆಯ ಕೋಣೆಗಳಲ್ಲಿ ಸುಮಾರು 200ರಿಂದ 300 ಹರ್ಟ್ಸ್‌ವರೆಗಿನ ಮಂದ್ರ ಧ್ವನಿಯ ಮೇಲೆ ಸ್ಪೀಕರ್‌ನಷ್ಟೇ ಹಿಡಿತ ಗೋಡೆಗಳಿಗೂ ಇರುತ್ತದೆ. ಎದುರುಬದುರು ಗೋಡೆಗಳ ನಡುವಿನ ಅಂತರ ಧ್ವನಿಯ ಅಲೆಯ ಅರ್ಧ ಉದ್ದಕ್ಕೆ ಸಮವಾದಾಗ ಅಲೆ ಅಲ್ಲೇ ನಿಂತು ಗುಂಯ್‌ಗುಡುತ್ತದೆ. 10 ಅಡಿಯ ಅಂತರಕ್ಕೆ ಇದು ಸುಮಾರು 56 ಹರ್ಟ್ಸ್, 20 ಅಡಿಗೆ 28. ನಮ್ಮ ಊರುಗಳಲ್ಲಿ ಸಾಮಾನ್ಯವಾದ 10 ಅಡಿಗೆ 10 ಅಡಿಯ ಚೌಕ ಕೋಣೆಗೆ ಇಲ್ಲೇ ತೊಂದರೆ: ಉದ್ದವೂ ಅಗಲವೂ ಒಂದೇ ಸ್ವರವನ್ನು ಎತ್ತಿ ಹಿಡಿಯುತ್ತವೆ, ತಾರಸಿಯೂ 10 ಅಡಿ ಎತ್ತರದಲ್ಲಿದ್ದರೆ ಅದೂ ಜೊತೆಗೂಡುತ್ತದೆ. ಇಂಥ ಕೋಣೆಗೆ ದೊಡ್ಡ ವೂಫರ್ (ಬಾಸ್, ಅಂದರೆ ಮಂದ್ರ ಧ್ವನಿ ಹೊರಡಿಸುವ ಭಾಗ) ತಂದಿಟ್ಟರೆ ದುಡ್ಡು ಕೊಟ್ಟು ಕೊಂಡ ಬಾಸ್ ಒಂದೇ ಸ್ವರವಾಗಿ ಮೊಳಗುತ್ತದೆ, ಉಳಿದ ಸ್ವರಗಳು ಅದರಡಿ ಮುಚ್ಚಿಹೋಗುತ್ತವೆ.

ಪೆಟ್ಟಿಗೆಗೂ ತನ್ನದೇ ನಿಯಮವಿದೆ. ಸಣ್ಣ ಗಾತ್ರ, ಆಳವಾದ ಬಾಸ್, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು ಎಂಬ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನೆಯದನ್ನು ಬಿಡಬೇಕು. ಈ ನಿಯಮವನ್ನು ಅಮೆರಿಕದ ಜೋಸೆಫ್ ಆಂಟನ್ ಹಾಫ್‌ಮನ್ ಅವರ ಹೆಸರಿನಿಂದ ಕರೆಯುತ್ತಾರೆ. 1954ರಲ್ಲಿ ಸ್ಪೀಕರ್ ವಿನ್ಯಾಸಕಾರ ಎಡ್ಗರ್ ವಿಲ್ಚರ್ ತಮ್ಮ ಎಆರ್-1 ಸ್ಪೀಕರಿನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಅಲ್ಲಿಯವರೆಗೆ ಬೀರುವಿನಷ್ಟಿದ್ದ ಪೆಟ್ಟಿಗೆಯನ್ನು ಕಪಾಟಿನಲ್ಲಿಡುವ ಗಾತ್ರಕ್ಕೆ ತಂದರು. ಅವರು ತೆತ್ತ ಬೆಲೆ ಮೂರನೆಯ ಗುಣ: ಅದನ್ನು ಹಾಡಿಸಲು ಶಕ್ತಿಯುತ ಆಂಪ್ಲಿಫಯರ್ ಬೇಕಾಯಿತು. ಇಂದಿನ ಅಗ್ಗದ ಸಣ್ಣ ಸ್ಪೀಕರ್‌ಗಳೂ ಇದೇ ಲೆಕ್ಕದಲ್ಲಿ ನಡೆಯುತ್ತವೆ. ಬೆರಳೆಣಿಕೆಯ ಇಂಚಿನ ವೂಫರ್ ಇಟ್ಟು 30 ಹರ್ಟ್ಸ್‌ವರೆಗೆ ಇಳಿಯುತ್ತದೆ, ಸದ್ದೂ ಜೋರು ಎಂದು ಡಬ್ಬಿಯ ಮೇಲೆ ಬರೆದಿದ್ದರೆ ನಂಬಬೇಕಾಗಿಲ್ಲ.

ಚಿಕ್ಕ ಕೋಣೆಗೆ 4ರಿಂದ 5 ಇಂಚಿನ ವೂಫರ್ ಇರುವ ಜೋಡಿ ಸಾಕು. ಇದನ್ನು ರಾಜಿ ಎಂದುಕೊಳ್ಳಬಾರದು. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿಗೆಂದೇ ರೂಪಿಸಿದ ಎಲ್‌ಎಸ್3/5ಎ, ಒಂದಡಿ ಎತ್ತರದ ಮುಚ್ಚಿದ ಪೆಟ್ಟಿಗೆ. ಆಳದ ಬಾಸ್ ಅದರಲ್ಲಿ ಇಲ್ಲ; ಮನುಷ್ಯ ಕಂಠವನ್ನು ಅದು ನುಡಿಸುವ ರೀತಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಸಂಗೀತದ ಲೆಕ್ಕದಲ್ಲೂ ಇದನ್ನು ನೋಡಬಹುದು. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ಮಂದ್ರ ಪಂಚಮ ಸುಮಾರು 98 ಹರ್ಟ್ಸ್. ಒಳ್ಳೆಯ 5 ಇಂಚಿನ ವೂಫರ್ ಅದನ್ನು ಸಲೀಸಾಗಿ ನುಡಿಸುತ್ತದೆ. ಕಚೇರಿ, ಭಾವಗೀತೆ, ಮಾತು ಹೆಚ್ಚು ಕೇಳುವವರಿಗೆ ಚಿಕ್ಕ ಕೋಣೆಯಲ್ಲಿ ಏನೂ ಕೊರತೆಯಾಗದು. ಹೊಸ ಸಿನಿಮಾ ಹಾಡುಗಳಿಗೆ 41 ಹರ್ಟ್ಸ್‌ವರೆಗೆ ಇಳಿಯುವ ಬಾಸ್ ಗಿಟಾರು ಬೇಕೆನ್ನುವವರ ಮಾತು ಬೇರೆ.

ಚಿಕ್ಕ ಕೋಣೆಯಲ್ಲಿ ಸ್ಪೀಕರ್ ಗೋಡೆಗೆ ಹತ್ತಿರವಾಗಿಯೇ ಇರುತ್ತದೆ, ಗೋಡೆ ಬಾಸನ್ನು ಹೆಚ್ಚಿಸುತ್ತದೆ. ಆದ್ದರಿಂದ ಮುಚ್ಚಿದ ಪೆಟ್ಟಿಗೆಯನ್ನೋ ಗಾಳಿರಂಧ್ರ ಮುಂಭಾಗದಲ್ಲಿರುವುದನ್ನೋ ನೋಡುವುದು ಲೇಸು. ರಂಧ್ರ ಹಿಂದಿದ್ದು ಧ್ವನಿ ಮಂಕಾದರೆ ಅದಕ್ಕೆ ಸ್ಪಂಜು ತುರುಕಿದರೂ ನಡೆಯುತ್ತದೆ. ಎತ್ತರದ ಸ್ವರಗಳನ್ನು ನುಡಿಸುವ ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕಿದ್ದು, ಎರಡು ಪೆಟ್ಟಿಗೆ ಮತ್ತು ಕೇಳುಗರ ತಲೆ ಸಮಬಾಹು ತ್ರಿಕೋನವಾಗಬೇಕು. ಮೂಲೆಗೆ ಮಾತ್ರ ಇಡಬಾರದು.

12 ಅಡಿಗೆ 15 ಅಡಿಯಂಥ ಮಧ್ಯಮ ಕೋಣೆಗೆ ಆರೂವರೆ ಇಂಚಿನ ವೂಫರ್, ಗಟ್ಟಿ ಸ್ಟ್ಯಾಂಡ್ ಹೊಂದುತ್ತವೆ. ಕಡಿಮೆ ಬೆಲೆಯಲ್ಲಿ ಒಳ್ಳೆಯದು ಸಿಗದೆಂಬ ನಂಬಿಕೆಯನ್ನು ಮುರಿದವರಲ್ಲಿ ವಿನ್ಯಾಸಕಾರ ಆ್ಯಂಡ್ರೂ ಜೋನ್ಸ್ ಮುಖ್ಯರು. ಪಯೊನಿಯರ್ ಕಂಪನಿಗೆ ಅವರು ಮಾಡಿದ 4 ಇಂಚಿನ ಎಸ್‌ಪಿ-ಬಿಎಸ್22, 2015ರಲ್ಲಿ ಎಲ್ಯಾಕ್‌ಗೆ ಮಾಡಿದ ಆರೂವರೆ ಇಂಚಿನ ಡೆಬ್ಯೂ ಬಿ6 ಎರಡರಲ್ಲೂ ಖರ್ಚು ಹೊರಗಿನ ಹೊಳಪಿಗಿಂತ ಸ್ವರಗಳನ್ನು ವೂಫರ್, ಟ್ವೀಟರ್‌ಗಳಿಗೆ ಹಂಚುವ ಕ್ರಾಸ್‌ಓವರ್ ಮತ್ತು ಪೆಟ್ಟಿಗೆಯ ಗಟ್ಟಿತನಕ್ಕೆ ಹೋಗಿತ್ತು. ಈ ಗಾತ್ರದ ಕೋಣೆಯಲ್ಲಿ ಹಿಂಗೋಡೆಯ ದೂರವನ್ನು ಪ್ರಯೋಗ ಮಾಡಿಯೇ ಗೊತ್ತುಮಾಡಬೇಕು. ಪೆಟ್ಟಿಗೆಯ ಮುಖದಿಂದ ಗೋಡೆ 3 ಅಡಿ ಇದ್ದರೆ ಹಿಂದಿರುಗಿದ ಅಲೆ 94 ಹರ್ಟ್ಸ್ ಆಸುಪಾಸಿನ ಧ್ವನಿಯನ್ನು ಅಳಿಸುತ್ತದೆ. ಅರ್ಧ ಅಡಿ ಸರಿಸಿದರೂ ವ್ಯತ್ಯಾಸ ಕೇಳಿಸುತ್ತದೆ.

ದೊಡ್ಡ ಹಾಲಿಗೆ ನೋಡಬೇಕಾದ ಅಂಕಿ ಸೆನ್ಸಿಟಿವಿಟಿ, ಅಂದರೆ ನಿಗದಿತ ವಿದ್ಯುತ್ತಿಗೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದು. ಊಟದ ಜಾಗ, ಅಡುಗೆಮನೆ ಬಾಗಿಲಿಲ್ಲದೆ ಸೇರಿಕೊಂಡಿದ್ದರೆ ಅವನ್ನೂ ಹಾಲಿನ ಅಳತೆಗೆ ಸೇರಿಸಬೇಕು. 84 ಡೆಸಿಬಲ್ ಸ್ಪೀಕರಿಗೆ 40 ವ್ಯಾಟ್ ಬೇಕಾದ ಸದ್ದು 90 ಡೆಸಿಬಲ್‌ನದಕ್ಕೆ 10 ವ್ಯಾಟಿನಲ್ಲೇ ಬರುತ್ತದೆ. ಡಬ್ಬಿಯ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ಬರೆದ ವ್ಯಾಟಿಗೆ ಅರ್ಥವಿಲ್ಲ, ನಿರಂತರ ಶಕ್ತಿಯನ್ನು ತಿಳಿಸುವ ಆರ್‌ಎಂಎಸ್ ಅಂಕಿಯನ್ನೇ ಕೇಳಬೇಕು. ಅಗ್ಗದ ಎತ್ತರದ ಟವರ್ ಸ್ಪೀಕರ್‌ಗಳಲ್ಲಿ ದುಡ್ಡಿನ ಬಹುಪಾಲು ಮರಕ್ಕೇ ಹೋಗಿರುತ್ತದೆ. ಅದೇ ಮೊತ್ತಕ್ಕೆ ಒಳ್ಳೆಯ ಸಣ್ಣ ಜೋಡಿಯೊಂದನ್ನು ತಂದು, ಮುಂದೆ ಕೈಗೆ ಕಾಸು ಬಂದಾಗ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ ಒಪ್ಪಿಸುವುದು ಜಾಣತನ.

ಗ್ರಾನೈಟ್ ಅಥವಾ ಟೈಲ್ಸ್ ನೆಲ, ಬೋಳು ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಟಣಟಣ ಎನ್ನುತ್ತದೆ. ಅಲ್ಲಿ ದುಬಾರಿ ಸ್ಪೀಕರ್ ಕೂಡ ಕಿವಿ ಚುಚ್ಚುತ್ತದೆ. ಕೇಳುಗರ ಮುಂದೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಹಿಂದೆ ಪುಸ್ತಕದ ಕಪಾಟು ಇದ್ದರೆ ಎತ್ತರದ ಸ್ವರಗಳು ಹದಕ್ಕೆ ಬರುತ್ತವೆ. ಬಾಸ್‌ನ ಗುಂಯ್‌ಗುಟ್ಟುವಿಕೆ ಇದರಿಂದ ಹೋಗದು.

ಬಳಸಿದ ಸ್ಪೀಕರ್ ಕೊಳ್ಳುವವರಿಗೆ ಹೊಸದರ ಬೆಲೆಯಲ್ಲೇ ಮೇಲ್ದರ್ಜೆಯದು ಸಿಗುತ್ತದೆ. 1970ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಸೋನೋಡೈನ್‌ನಂಥ ದೇಶೀಯ ತಯಾರಿಕೆಗಳೂ ಹಳೆಯ ಸರಕಿನಲ್ಲಿ ಕಾಣುತ್ತವೆ. ವೂಫರಿನ ಅಂಚು ಫೋಮಿನದಾಗಿದ್ದರೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ರಬ್ಬರಿನದು ಹೆಚ್ಚು ಕಾಲ ಬಾಳುತ್ತದೆ. ವೂಫರಿನ ಕೋನ್ ಅನ್ನು ಎರಡೂ ಕೈಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿದಾಗ ಒಳಗೆ ಉಜ್ಜುವ ಸದ್ದು ಬಂದರೆ ಕಾಯಿಲ್ ಕೆಟ್ಟಿದೆ ಎಂದರ್ಥ. ಎರಡು ಟ್ವೀಟರ್‌ಗಳನ್ನೂ ಬೇರೆಬೇರೆಯಾಗಿ ನುಡಿಸಿ, ಹತ್ತಿರ ಕಿವಿಯಿಟ್ಟು ಕೇಳಿದ ಮೇಲೆ ಬೆಲೆ ಮಾತಾಡಬೇಕು.